ಎರೆಭೂತದ ಎದೆಯ ಮೇಲಿನ ಚುಕ್ಕಿಗಳು

ಹೋದ ವಾರ ನಿಮ್ಮಲ್ಲಿ ಚಿಕ್ಕವಳು ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕಿತ್ತು. ಡಬ್ಬಿಯಲ್ಲಿ ಗೋಂದು ಮುಗಿದಿತ್ತು. ನಾನು ಮೈದಾಹಿಟ್ಟು ಕದಡಿ, ಒಲೆಯ ಮೇಲೆ ಕಾಯಿಸಿ ಅಂಟು ಮಾಡಿಕೊಟ್ಟೆ. ಮಿಕ್ಕಿದ್ದನ್ನು ಚೆಲ್ಲಲು ಮರೆತೆ. ಮೂರನೆಯ ದಿನ ಮುಚ್ಚಳ ತೆಗೆದರೆ ಹುಳಿ ವಾಸನೆ. ಅದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ ಆ ಕಟ್ಟಿನಂಗಡಿಯ ವಾಸನೆ... ಒದ್ದೆ ರಟ್ಟು, ಮರದ ಹೊಟ್ಟು, ಹುಳಿ ಬಂದ ಅಂಟು. ಬಟ್ಟಲು ಹಿಡಿದು ಅಡಿಗೆಮನೆಯಲ್ಲೇ ನಿಂತುಬಿಟ್ಟೆ. ಏನಾಯಿತು ಅಜ್ಜಿ ಎಂದು ನೀವು ಕೇಳಿದಿರಿ. ಏನಿಲ್ಲ ಎಂದೆ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ.

ನಿಮ್ಮ ತಾತ ಸರ್ವೆ ಕೆಲಸದಲ್ಲಿದ್ದವರು. ಸಿರುಗುಪ್ಪ ಕಡೆಯ ಎರೆಹೊಲಗಳನ್ನು ಅಳೆದು ನಕ್ಷೆ ಬರೆದವರು. ಸಣ್ಣ ಗೆರೆಗಳೆಂದರೆ ಅವರಿಗೆ ಪ್ರಾಣ. ಬಳ್ಳಾರಿಯ ಗುಜರಿ ಅಂಗಡಿಗಳಲ್ಲಿ ಇಂಗ್ಲಿಷರ ಕಾಲದ ಹರಿದ ಪುಸ್ತಕಗಳಿಂದ ಉದುರಿದ ಚಿತ್ರದ ಹಾಳೆಗಳನ್ನು ಆರಿಸಿ ತರುತ್ತಿದ್ದರು. ಹಕ್ಕಿ, ಮೀನು, ಬೇರುಸಮೇತ ಬಿಡಿಸಿದ ಗಿಡ. ಅವುಗಳ ಜೊತೆಗೆ, ಆ ಕಾಲದ ದೊರೆಸಾನಿಯರು ಎಂಥ ಬಟ್ಟೆ ಹೊಲಿಸಿಕೊಳ್ಳಬೇಕೆಂದು ತೋರಿಸುವ ಚಿತ್ರಗಳು. ದೊರೆಸಾನಿಯ ನಡು ಒಂದು ಹಿಡಿ, ಲಂಗ ಮಾತ್ರ ಗುಡಾಣದಷ್ಟು. ಈಕೆ ಉಸಿರು ಹೇಗೆ ಆಡುತ್ತಾಳೆ ಎಂದು ನಾನು ಕೇಳಿದರೆ ಅವರು ನಗುತ್ತಿದ್ದರು.

ಎಲ್ಲಕ್ಕಿಂತ ಅವರು ಜೋಪಾನ ಮಾಡುತ್ತಿದ್ದುದು ಎರೆಭೂತದ ಹಾಳೆಯನ್ನು. ಉದ್ದ ಕಾಲಿನ ಆ ದೊಡ್ಡ ಹಕ್ಕಿಯನ್ನು ಅವರು ಸಿರುಗುಪ್ಪದ ಹೊಲದಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದರಂತೆ. ಚಿತ್ರದಲ್ಲಿ ಒಂದೊಂದು ಗರಿಗೂ ಕೂದಲಿನಂಥ ಗೆರೆಗಳು, ಮೇಲೆ ಯಾರೋ ಕೈಯಿಂದ ತುಂಬಿದ ಬಣ್ಣ. ಒಟ್ಟು ಮೂವತ್ತೊಂದು ಹಾಳೆ. ಅವರು ಹೋದ ಮೇಲೆ ಅವರದೆಂದು ನನ್ನ ಪಾಲಿಗೆ ಉಳಿದದ್ದು ಅವೇ.

ಅವರು ಹೋದ ಮೂರನೆಯ ತಿಂಗಳು ಕಟ್ಟಿನಂಗಡಿಯವರು ಮನೆಗೆ ಬಂದರು. ತಾತ ಚಿತ್ರಗಳಿಗೆ ಕಟ್ಟು ಹಾಕಿಸುತ್ತಿದ್ದುದು ಅವರ ಬಳಿಯೇ. ತೆಳ್ಳಗಿನ, ವಯಸ್ಸಾದ ಮನುಷ್ಯ. ಉಗುರಿನ ಸುತ್ತ ಒಣಗಿದ ಅಂಟು. ನಾನು ಬಾಗಿಲ ಮರೆಯಲ್ಲೇ ನಿಂತೆ. ಗಂಡಸರ ಎದುರು ಮಾತಾಡಿ ನನಗೆ ರೂಢಿಯಿರಲಿಲ್ಲ. ಅವರು ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಚಹಾ ಚೆಲ್ಲಿದಂತೆ ಹಾಳೆಗಳ ಮೇಲೆ ಕಂದು ಕಲೆ ಎದ್ದಿತ್ತು. ಹಿಂದೆ ಯಾರೋ ಹಾಳೆಗಳನ್ನು ಕೆಟ್ಟ ರಟ್ಟಿಗೆ ಅಂಟಿಸಿದ್ದಾರೆ, ಆ ರಟ್ಟು ಹಾಳೆಯನ್ನು ತಿನ್ನುತ್ತಿದೆ, ಹೀಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಹಪ್ಪಳದಂತೆ ಮುರಿಯುತ್ತವೆ ಎಂದರು. ಅಂಗಡಿಗೆ ಒಯ್ದು, ನೀರಿನಲ್ಲಿ ತೇಲಿಸಿ ರಟ್ಟು ಬಿಡಿಸಿಕೊಡುತ್ತೇನೆ ಎಂದರು.

ಕಾಗದವನ್ನು ನೀರಿಗೆ ಹಾಕುವವರುಂಟೆ?

ಹೋಗುವಾಗ ಅವರು ಎರೆಭೂತದ ಮುಂದೆ ಬಹಳ ಹೊತ್ತು ನಿಂತರು. ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದರು.

“ಹಳೇದ್ರಾಗ ಹಿಂಗ ಗೆರಿ ಇರ್ತಾವು ತಂಗೆಮ್ಮ. ಈಗಿನ ಅಚ್ಚಿನ ನಕಲಿನಾಗ ಬರೇ ಚುಕ್ಕಿ. ಸಿಕ್ಕಸಿಕ್ಕವರ ಕೈಯಾಗ ಕೊಡಬ್ಯಾಡ್ರಿ, ಬದಲು ಮಾಡಿಬಿಡ್ತಾರ.”

ಬದಲು ಮಾಡುವುದು ಹೇಗೆಂದು ಇವರಿಗೆ ಹೇಗೆ ಗೊತ್ತು? ನನ್ನ ತಲೆಗೆ ಮೊದಲು ಹೊಳೆದದ್ದು ಅದೇ.

ಆ ವಾರ ಕುರುಗೋಡಿನಿಂದ ನನ್ನ ನಾದಿನಿ ಬಂದಿದ್ದಳು. ಅವಳಿಗೆ ಹೇಳಿದೆ. ಅವಳು ಬಾಯಲ್ಲಿದ್ದ ಎಲೆ-ಅಡಿಕೆಯನ್ನು ಕೆನ್ನೆಗೆ ಒತ್ತರಿಸಿ, “ಕೊಡು ಅತ್ತಿಗಿ, ಕೊಡು. ಹಕ್ಕಿ ಅವನ ಗೂಡಿಗೆ ಹೋಕ್ಕೈತಿ, ನಿನಗ ಅದರ ಝೆರಾಕ್ಸು ಹಾರಿ ಬರ್ತೈತಿ” ಎಂದಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ಕೊಡದಿದ್ದರೆ ಹಾಳೆಗಳು ಹಾಳಾಗುತ್ತವೆ, ಕೊಟ್ಟರೆ ಕೈಬಿಟ್ಟು ಹೋಗುತ್ತವೆ. ಎರಡು ದಿನ ಉಣ್ಣಲಿಲ್ಲ. ಆಗ ನನ್ನ ತವರಿನ ಬುದ್ಧಿ ನೆನಪಾಯಿತು. ರಾರಾವಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಪಾತ್ರೆಗಳು ಮನೆಮನೆಯಿಂದ ಹೋಗುತ್ತಿದ್ದವು. ಬದಲಾಗದಿರಲೆಂದು ಅವ್ವ ಒಂದೊಂದು ಪಾತ್ರೆಯ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದಳು. ಮದುವೆ ಮುಗಿದ ಮೇಲೆ ಬೆರಳಿನಿಂದ ತಡವಿ, ತನ್ನದನ್ನು ಮಾತ್ರ ಎತ್ತಿಕೊಂಡು ಬರುತ್ತಿದ್ದಳು. ಯಾರೂ ಅದನ್ನು ತಪ್ಪು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲ ಚಿಲಕ ಹಾಕಿಕೊಂಡು ಕುಳಿತೆ. ಕಟ್ಟುಗಳ ಹಿಂದಿನ ಮೊಳೆ ಕಿತ್ತು, ಗಾಜು ಸರಿಸಿ, ಸೂಜಿಯಿಂದ ಪ್ರತಿ ಹಾಳೆಗೂ ನನ್ನ ಹೆಸರಿನ ಮೊದಲ ಅಕ್ಷರ ಚುಚ್ಚಿದೆ. ದೊರೆಸಾನಿಯರಿಗೆ ಲಂಗದ ನೆರಿಗೆಯಲ್ಲಿ, ಮೀನಿಗೆ ಹುರುಪೆಯಲ್ಲಿ, ಗಿಡಕ್ಕೆ ಬೇರಿನಲ್ಲಿ. ಎರೆಭೂತಕ್ಕೆ ಒಂದಕ್ಷರ ಸಾಲದೆನಿಸಿತು. ಎದೆಯ ಗರಿಗಳ ನಡುವೆ ನನ್ನ ಪೂರ್ತಿ ಹೆಸರನ್ನೇ ಒತ್ತೊತ್ತಾಗಿ ಚುಚ್ಚಿದೆ. ಬಹಳ ಜಾಣೆಯೆಂದು ನನಗೆ ನಾನೇ ಮೆಚ್ಚಿಕೊಂಡೆ. ಮರುದಿನ ಹಾಳೆಗಳನ್ನು ಕಟ್ಟಿನಂಗಡಿಗೆ ಕೊಟ್ಟೆ.

ಕೊಟ್ಟ ಮೇಲೆ ಮನಸ್ಸು ನಿಲ್ಲಲಿಲ್ಲ. ಕಾಯಿಪಲ್ಯದ ಚೀಲ ಹಿಡಿದು ಹೇಳದೆ ಕೇಳದೆ ಆ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವರು “ಬರ್ರಿ ತಂಗೆಮ್ಮ” ಎಂದು ಸ್ಟೂಲು ಒರೆಸಿ ಕೊಡುತ್ತಿದ್ದರು. ನನ್ನ ಕಣ್ಣು ಮಾತ್ರ ಅವರ ಕೈಯ ಮೇಲೆ. ಅಗಲವಾದ ತಟ್ಟೆಯ ನೀರಿನಲ್ಲಿ ದೊರೆಸಾನಿಯೊಬ್ಬಳು ಅಂಗಾತ ತೇಲುತ್ತಿದ್ದಳು... ಬಣ್ಣ ಬಿಟ್ಟಿರಲಿಲ್ಲ. ಅದನ್ನು ನೋಡಿಯೂ ನನಗೆ ಸಮಾಧಾನವಾಗಲಿಲ್ಲ. ಗೋಡೆಯ ಮೇಲೆ ಅಂಥದೇ ಇನ್ನೊಂದು ಚಿತ್ರ ತೂಗುತ್ತಿತ್ತು. ಅವರು ಒಳಗೆ ಹೋದಾಗ ಎದ್ದು, ಅದರ ಲಂಗದ ಮೇಲೆ ಕಣ್ಣಿಟ್ಟು ಚುಕ್ಕಿ ಹುಡುಕಿದೆ. ಇರಲಿಲ್ಲ.

ಇನ್ನೊಂದು ದಿನ ಹೋದಾಗ ಅವರು ನನ್ನನ್ನು ಕಂಡೊಡನೆ ಮೇಜಿನ ಮೇಲಿದ್ದುದರ ಮೇಲೆ ಬಟ್ಟೆ ಎಳೆದರು. ಎರೆಭೂತ ಎಲ್ಲಿ ಎಂದು ಕೇಳಿದೆ. ಅವರ ಮುಂದೆ ನಾನು ಆಡಿದ ಮೊದಲ ಮಾತು ಅದು. ಇನ್ನೂ ಒಣಗಿಲ್ಲ, ಮುಂದಿನ ವಾರ ಬನ್ನಿ ಎಂದರು. ಮುಖ ನೋಡಿ ಹೇಳಲಿಲ್ಲ. ಆ ಒಂದು ವಾರ ನಾನು ಅವರನ್ನು ಮನಸ್ಸಿನಲ್ಲೇ ಕಳ್ಳನನ್ನಾಗಿ ಮಾಡಿ ಮುಗಿಸಿದೆ. ಜಗಳದ ಮಾತುಗಳನ್ನೂ ಜೋಡಿಸಿಟ್ಟುಕೊಂಡೆ.

ವಾರ ಕಳೆದು ಹೋದಾಗ ಮೂವತ್ತು ಹಾಳೆಗಳನ್ನು ಹೊಸ ರಟ್ಟಿನ ನಡುವೆ ಜೋಡಿಸಿಟ್ಟಿದ್ದರು. ಅರ್ಧಕ್ಕರ್ಧ ಕಲೆ ಇಳಿದಿತ್ತು. ಆಮೇಲೆ ಅವರು ಮೇಜಿನ ಬಟ್ಟೆ ಸರಿಸಿದರು. ಎರೆಭೂತ ಅಲ್ಲೇ ಇತ್ತು. ಎದೆಯ ಮೇಲೆ ಅಡ್ಡಡ್ಡ ಹರಿದಿತ್ತು. ನೀರಿನಲ್ಲಿ ನೆನೆದ ಹಾಳೆಯನ್ನು ಎತ್ತುವಾಗ, ಅಂಚೆಚೀಟಿಗಳು ತೂತಿನ ಸಾಲಿನಲ್ಲಿ ಬಿಡುವಂತೆ, ನನ್ನ ಹೆಸರಿನ ಉದ್ದಕ್ಕೂ ಬಿಟ್ಟುಕೊಂಡಿತ್ತು. ಅವರು ಹಿಂದಿನಿಂದ ಎಳೆಎಳೆಯಾದ ತೆಳುಕಾಗದ ಕೊಟ್ಟು ಕೂಡಿಸಿದ್ದರು. ನಾನು ನೊಂದುಕೊಳ್ಳುತ್ತೇನೆಂದು, ಸರಿಯಾಗುವವರೆಗೆ ಮುಚ್ಚಿಟ್ಟಿದ್ದರು.

“ಮೊದ್ಲು ಹುಳ ತಿಂದೈತಿ ಅನ್ಕಂಡಿದ್ದೆ” ಎಂದರು. ಹಾಳೆಯನ್ನು ಬೆಳಕಿಗೆ ಹಿಡಿದರು. ಸಣ್ಣ ತೂತುಗಳಲ್ಲಿ ನನ್ನ ಹೆಸರು ಬೆಳಗಿತು. “ಹುಳಕ್ಕ ಅಕ್ಷರ ಬರಂಗಿಲ್ಲಲ್ಲ ತಂಗೆಮ್ಮ.”

ನಾನು ತಲೆ ತಗ್ಗಿಸಿದೆ.

“ಒಂದ್ ಮಾತು ಹೇಳಿದ್ರ, ಹಿಂದ್ಗಡಿ ಪೆನ್ಸಿಲ್‌ನ್ಯಾಗ ನಾನ ಬರ್ಕೊಡ್ತಿದ್ದೆ.”

ಅಷ್ಟೇ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ತಪ್ಪಾಯಿತು ಎಂಬ ಒಂದು ಮಾತನ್ನು ಆಡಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು ಆಟೋ ಹತ್ತಿದೆ.

ನೀವು ನನ್ನನ್ನು ಒಳ್ಳೆಯವಳೆಂದು ತಿಳಿದಿದ್ದೀರಿ. ಅದಕ್ಕೇ ಇದನ್ನೂ ಬರೆಯಬೇಕು. ಅಷ್ಟಾದ ಮೇಲೂ, ಮನೆಗೆ ಬಂದು ಚಾಪೆಯ ಮೇಲೆ ಮೂವತ್ತೊಂದನ್ನೂ ಹರವಿ, ಒಂದೊಂದನ್ನೂ ಬೆರಳಿನಿಂದ ತಡವಿ ನೋಡಿದೆ. ಎಲ್ಲದರಲ್ಲೂ ನನ್ನ ಚುಕ್ಕಿಗಳಿದ್ದವು.

ಆಮೇಲೆ ನಾನು ಕೌಲ್ ಬಜಾರಿನ ಕಡೆ ಹೋಗಲೇ ಇಲ್ಲ. ಮೊದಲು ನಾಚಿಕೆಗೆ, ಆಮೇಲೆ ಮೊಣಕಾಲು ನೋವಿಗೆ. ತಾತನ ಎರೆಭೂತ ಇಂದಿಗೂ ಎದೆ ಸೀಳಿಕೊಂಡೇ ನಿಂತಿದೆ. ಸಿರುಗುಪ್ಪದ ಹೊಲಗಳಲ್ಲೂ ಆ ಹಕ್ಕಿ ಈಗ ಕಾಣುವುದು ಅಪರೂಪವಂತೆ. ಚಿತ್ರದಲ್ಲಾದರೂ ಇಡಿಯಾಗಿ ಉಳಿಯಬಹುದಿತ್ತು...

ನಿನ್ನೆ ಯಾರಿಗೂ ಹೇಳದೆ ಕೌಲ್ ಬಜಾರಿಗೆ ಹೋಗಿಬಂದೆ. ತಪ್ಪಾಯಿತು ಎಂಬ ಆ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಹೋದೆ. ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರುಗಳು ನೇತಾಡುತ್ತಿದ್ದವು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳನ್ನು ಕೇಳಿದೆ. “ಕಟ್ಟಿನ ತಾತನಾ? ತೀರ್ಕೊಂಡು ಎರಡು ವರ್ಷಾತಲ್ಲಮ್ಮ” ಎಂದಳು. ಹೂ ಕಟ್ಟುತ್ತಲೇ, “ನಿಮಗೇನಾಗ್ಬೇಕಿತ್ತು ಅವರು?” ಎಂದಳು.

“ಅಣ್ಣ ಆಗ್ಬೇಕು” ಎಂದೆ. ಹೇಗೆ ಬಂತೋ, ಬಾಯಿಗೆ ಬಂದುಬಿಟ್ಟಿತು.

ಅವಳ ಕೈ ಹೂವಿನ ಮೇಲೇ ನಿಂತಿತು. ನನ್ನ ಸೀರೆ, ನನ್ನ ಚೀಲ, ನನ್ನ ಮುಖ ಎಲ್ಲವನ್ನೂ ಮೆಲ್ಲಗೆ ನೋಡಿದಳು. “ಎರಡು ವರ್ಷ ಅಣ್ಣನ ಸುದ್ದಿ ಗೊತ್ತಿಲ್ಲೇನು ತಂಗಿಗೆ?” ಎಂದು ಕೇಳಿ, ಎದುರಿಗಿದ್ದ ಚಿಲ್ಲರೆ ಡಬ್ಬಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ಆ ನೋಟವನ್ನು ನಾನು ಒಳಗಿನಿಂದ ಬಲ್ಲೆ, ಅದೇ ಕಣ್ಣಿನಿಂದ ಅವರ ಕೈಯನ್ನು ಕಾದವಳು ನಾನು. ಆಟೋ ಹಿಡಿದು ಮನೆಗೆ ಬಂದೆ.