ಪ್ರಶ್ನೆ ಅಕ್ಕ ಮತ್ತು ಮುಚ್ಚಿದ ಕಿಟಕಿಗಳು

ಆಕೆಯನ್ನು ನಾನು ಮೊದಲು ಮದುವೆ ದಲ್ಲಾಳಿ ಎಂದುಕೊಂಡಿದ್ದೆ. ಅಕ್ಕನ ಮನೆಯ ಸೋಫಾದಲ್ಲಿ ಕೂತು ಭಾವನ ವಯಸ್ಸೆಷ್ಟು, ಯಾವಾಗಿನಿಂದ ದುಡಿತ, ಸಿಗರೇಟು ಉಂಟೋ ಇಲ್ಲವೋ ಎಂದು ಕೆದಕುತ್ತಿದ್ದರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ನಾನು ಹಿರಿಯನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗಿ ತುಂಬಾ ಸೌಮ್ಯ" ಎಂದೆ.

"ಮಾವ, ಸುಮ್ನೆ ಕೂತ್ಕೋತೀರಾ! ಅವರು ಕ್ಯಾನ್ಸರ್ ಸಂಶೋಧನೆಯವರು!" ಎಂದು ಒಳಗಿನಿಂದ ಗುಡುಗು ಬಂತು. ಸೌಮ್ಯತೆ ಅಲ್ಲಿಗೆ ಬಯಲಾಯಿತು.

ಭಾವನಿಗೆ ಮೂಗಿನೊಳಗೆ ಕ್ಯಾನ್ಸರ್ ಆಗಿತ್ತು. ಅಪರೂಪದ್ದು, "ನಮ್ಮ ವಂಶದಲ್ಲೇ ಯಾರಿಗೂ ಬಂದಿಲ್ಲ" ಎಂದು ಅವರು ಅದನ್ನೂ ಬಿರುದಿನಂತೆ ಹೇಳಿಕೊಳ್ಳುತ್ತಿದ್ದರು. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡಿದ್ದರು. ಆದರೆ ಅವರ ಮರಗೆಲಸದ ಕಾರ್ಖಾನೆಯನ್ನು ಈಗ ನಡೆಸುತ್ತಿದ್ದವಳು ಮಗಳು. ತನಗೆ ಬಂದದ್ದು ಅವಳಿಗೂ ಬಂದರೆ? ಕಾರ್ಖಾನೆಗೆ ಬೀಗ ಹಾಕುತ್ತೇನೆ ಎಂದು ಅವರು, ಹಾಕಿ ನೋಡಿ ಎಂದು ಅವಳು.

ಇಂಥ ಅಪರೂಪದ ಕ್ಯಾನ್ಸರುಗಳು ಯಾಕೆ ಬರುತ್ತವೆ ಎಂದು ಹುಡುಕುವ ತಂಡಕ್ಕಾಗಿ ಮನೆಮನೆ ಅಲೆದು, ಜನರ ಹಳೆಯ ದಿನಚರಿ ಕೇಳುವುದು ಆಕೆಯ ಕೆಲಸ; ಹೋದಲ್ಲೆಲ್ಲ ಪ್ರಶ್ನೆ ಅಕ್ಕ ಎಂದೇ ಹೆಸರು. ಹಿಂದೆ ಹೊಲಿಗೆ ಯಂತ್ರ ಮಾರುತ್ತಿದ್ದರಂತೆ. "ಆಗ ನಾನು ಬಾಯಿ ತೆರೆಯೋಕ್ಕೆ ಮುಂಚೆ ಬಾಗಿಲು ಹಾಕೋರು. ಈಗ ತೆರೆದ ಮೇಲೆ ಹಾಕ್ತಾರೆ. ಬಡ್ತಿ ಅಲ್ವಾ?"

ಧೂಳಿನ ಪ್ರಶ್ನೆ ಬಂತು. ಭಾವನ ಮೂಗಿಗೆ ಏನೇ ಆಗಿರಲಿ, ಸಿಟ್ಟು ಮಾತ್ರ ಇನ್ನೂ ಅದರ ತುದಿಯಲ್ಲೇ ಇತ್ತು. "ನನ್ನ ಕಾರ್ಖಾನೇಲಿ ಧೂಳಾ? ನೆಲದ ಮೇಲೆ ಬಡಿಸ್ಕೊಂಡು ಉಣ್ಬೋದು!"

"ಹೇಳೋದು ಬೇಡ ಅಣ್ಣ, ಮಾಡಿ ತೋರ್ಸಿ." ಕೂತಲ್ಲಿ ನೆನಪಾಗದ್ದು ಕೈಗೆ ಉಪಕರಣ ಕೊಟ್ಟರೆ ನೆನಪಾಗುತ್ತದೆ ಎಂಬುದು ಅವರ ಪದ್ಧತಿ.

ಹಿತ್ತಿಲ ಕಾರ್ಖಾನೆಯಲ್ಲಿ ಅಂದು ಕೆಲಸ ನಿಂತಿತ್ತು. ಭಾವ ಮೊದಲು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದರು. "ಬೀದಿ ಧೂಳು ಪಾಲಿಶ್ ಮೇಲೆ ಕೂರ್ಬಾರ್ದಲ್ಲ!" ಗುಡಿಸಿಟ್ಟ ನೆಲವನ್ನೇ ಬರಬರ ಗುಡಿಸಿದರು. ಆಮೇಲೆ ಉಳಿ ಹಿಡಿದು, ಕೆಲಸದ ಮೇಜಿನ ಮೇಲೆ ಬಗ್ಗಿ, ಇಲ್ಲದ ಪುಡಿಯನ್ನು ಉಫ್ ಎಂದು ಊದಿದರು. ಮತ್ತೆ ಊದಲು ಅದೇ ಜಾಗದಿಂದ ದೀರ್ಘವಾಗಿ ಉಸಿರೆಳೆದುಕೊಂಡರು.

ಕೆನ್ನೆ ಉಬ್ಬಿಸಿಕೊಂಡೇ ನಿಂತುಬಿಟ್ಟರು.

"ಅಯ್ಯೋ," ಎಂದರು. "ಕಿಟಕಿ ಮುಚ್ಕೊಂಡು ಪುಡೀನೆಲ್ಲ ನಾನೇ ನುಂಗ್ತಿದ್ನಾ?"

"ನಿಮ್ಮೊಬ್ರನ್ನ ನೋಡಿ ತೀರ್ಮಾನ ಮಾಡೋಕಾಗಲ್ಲ," ಎಂದರು ಪ್ರಶ್ನೆ ಅಕ್ಕ. "ಮರದ ಪುಡಿ ಮೂಗಿಗೆ ಒಳ್ಳೇದಲ್ಲ ಅನ್ನೋದು ಮೊದ್ಲೇ ಗೊತ್ತು. ಯಾರಿಗೆ, ಎಷ್ಟಕ್ಕೆ, ಯಾವ ಪಾಲಿಶ್ ಜೊತೆ ಅನ್ನೋದನ್ನ ಹುಡುಕ್ತಿದೀವಿ. ಪುಡಿ ಕಮ್ಮಿ ಮಾಡೋಕೆ ಅಲ್ಲೀವರ್ಗೂ ಕಾಯ್ಬೇಕಿಲ್ಲ."

ಮಗಳು ಆಗಲೇ ಕಿಟಕಿ ತೆರೆಯುತ್ತಿದ್ದಳು. "ಬೀಗ ಬೇಡಪ್ಪ. ಪುಡಿ ಹೀರೋ ಯಂತ್ರ ಹಾಕ್ಸೋಣ. ಮಾಸ್ಕೂ ಹಾಕ್ಕೋತೀನಿ."

ಭಾವ ಪೊರಕೆಯನ್ನು ಮೂಲೆಗೆ ಒರಗಿಸಿದರು. "ದೊಡ್ಡದೇ ಹಾಕ್ಸು," ಎಂದು ಬೀಗದ ಕೈ ಅವಳ ಅಂಗೈಗಿಟ್ಟರು.

ಪ್ರಶ್ನೆ ಅಕ್ಕ ನನ್ನತ್ತ ತಿರುಗಿದರು. ಹೋಲಿಸಿ ನೋಡಲು ಅದೇ ವಯಸ್ಸಿನ, ಆ ಕಾಯಿಲೆ ಇಲ್ಲದವರೂ ಬೇಕಂತೆ. ನಾನು ಎದೆಯುಬ್ಬಿಸಿದೆ. "ನಾನು ಲೇಖಕ. ಉಳಿ ಮುಟ್ಟಿಲ್ಲ, ಪೊರಕೆ ಹಿಡಿದಿಲ್ಲ, ಕುರ್ಚಿ ಬಿಟ್ಟು ಎದ್ದದ್ದೇ ಅಪರೂಪ. ನನ್ನಂಥವನಿಂದ ವಿಜ್ಞಾನಕ್ಕೆ ಏನಾದ್ರೂ ಪ್ರಯೋಜನ ಇದೆಯೇ?"

"ಏನೂ ಮಾಡದೇ ಇರೋರೇ ನಮ್ಗೆ ಬೇಕಾಗಿರೋದು," ಎಂದರು ಆಕೆ. "ಇಷ್ಟು ಅಪ್ಪಟವಾಗಿ ಸಿಕ್ಕಿರ್ಲಿಲ್ಲ. ಕೂತ್ಕೊಳ್ಳಿ."