ಒಂದೇ ಓಟು ಬಿದ್ದ ಹಾಡು

ಕಾಶವ್ವಕ್ಕನ ಬಗ್ಗೆ ಹೇಳುವ ಮೊದಲು ನನ್ನ ಬಾಯಿಯ ಬಗ್ಗೆ ಹೇಳಿಬಿಡುತ್ತೇನೆ. ಅದಕ್ಕೆ ಬೀಗ ಇರಲಿಲ್ಲ. ಈಗಲೂ ಇಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ, ಹೇಳಿಕೊಳ್ಳಲಿ.

ಎಪ್ಪತ್ತೊಂಬತ್ತರ ಡಿಸೆಂಬರ್. ಹೆಬ್ಬಾಳದಿಂದ ಆರ್.ಟಿ. ನಗರ ಸುತ್ತಿಕೊಂಡು ಯಶವಂತಪುರಕ್ಕೆ ಹೋಗುವ ನಮ್ಮ ಫ್ಯಾಕ್ಟರಿ ಬಸ್ಸಿನಲ್ಲಿ ಗೆಳತಿ ನೂರ್‌ಜಹಾನ್ ಒಂದು ಎಲೆಕ್ಷನ್ ಇಟ್ಟಳು. ಈ ಹತ್ತು ವರ್ಷದ ಸಿನಿಮಾ ಹಾಡುಗಳಲ್ಲಿ ಯಾವುದು ಫಸ್ಟ್? ತಲೆಗೊಂದು ಚೀಟಿ, ಅವಳ ಟಿಫಿನ್ ಡಬ್ಬಿಗೆ ಹಾಕಬೇಕು. ಇಪ್ಪತ್ತೆಂಟು ಹೆಂಗಸರಲ್ಲಿ ಹತ್ತೊಂಬತ್ತು ಜನ ಒಂದೇ ಹಾಡಿಗೆ ಓಟು ಹಾಕಿದೆವು. ತಮಟೆ ಏಟಿನ ಹಾಡು, ಕೇಳಿದರೆ ಕಾಲು ಸುಮ್ಮನಿರುತ್ತಿರಲಿಲ್ಲ.

ಉಳಿದವೂ ಎಲ್ಲರಿಗೂ ಗೊತ್ತಿದ್ದ ಹಾಡುಗಳೇ, ಒಂದು ಚೀಟಿ ಮಾತ್ರ ಬೇರೆಯದೇ ಆಗಿತ್ತು. ಒಂದು ವಾರವೂ ಓಡದ ಸಿನಿಮಾದಲ್ಲಿ ನಾಯಕಿಯ ಅತ್ತಿಗೆ ಅಕ್ಕಿ ಆರಿಸುತ್ತಾ ಹಾಡುವ ಹಾಡು. ಅಪರೂಪಕ್ಕೊಮ್ಮೆ ರೇಡಿಯೋದಲ್ಲಿ ಬರುತ್ತಿತ್ತು. ಓಟು ಹಾಕಿದ್ದವರು ಕಾಶವ್ವಕ್ಕ.

"ಅಯ್ಯೋ ಅಕ್ಕಾ, ಅದೂ ಒಂದು ಹಾಡಾ? ನಿದ್ದೆ ಮಾತ್ರೆ ಕಣ್ರೀ!" ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು.

"ನಿದ್ದಿ ಬಂದ್ರ ಛಲೋ ಆತು ಬಿಡವಾ," ಎಂದು ಅವರೂ ನಕ್ಕರು.

ಅವರು ಬಾಗಲಕೋಟೆ ಕಡೆಯವರು. ಗಂಡನಿಗೆ ಇಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತೆಂದು ಬಂದು, ಹನ್ನೆರಡು ವರ್ಷದಿಂದ ನಮ್ಮ ಫ್ಯಾಕ್ಟರಿಯಲ್ಲಿ ರೇಡಿಯೋಗೆ ಕಾಯಿಲ್ ಸುತ್ತುತ್ತಿದ್ದರು. ತಲೆಕೂದಲಿಗಿಂತ ಸಣ್ಣ ತಾಮ್ರದ ತಂತಿ, ಕೈಯಿಂದ ತಿರುಗಿಸುವ ಮೆಷಿನ್ನು. ತಂತಿಗೆ ತಗುಲೀತೆಂದು ಹೆಬ್ಬೆರಳ ಉಗುರನ್ನು ದಿನಾ ಬೆಳಿಗ್ಗೆ ಉಜ್ಜಿಕೊಂಡು ಬರುತ್ತಿದ್ದರು. ಹೆಚ್ಚು ಕಾಯಿಲ್ ಕೆಟ್ಟ ದಿನ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು; ಹನ್ನೆರಡು ವರ್ಷದಲ್ಲಿ ಅವರ ಹೆಸರಿನ ಮುಂದೆ ಅಂಥದ್ದು ಒಂದೇ ಒಂದು ಬಿದ್ದಿರಲಿಲ್ಲ.

ನನ್ನ ಕಥೆ ಬೇರೆ. ಆರು ತಿಂಗಳ ಟ್ರೈನಿಂಗ್ ಮುಗಿಯಲು ಒಂದು ತಿಂಗಳಿತ್ತು. ಕೊನೆಯ ದಿನ ಪರೀಕ್ಷೆ: ನಲವತ್ತು ಕಾಯಿಲ್, ಎರಡಕ್ಕಿಂತ ಹೆಚ್ಚು ಕೆಟ್ಟರೆ ಮನೆಗೆ. ಮನೆಯಲ್ಲಿ ಅಪ್ಪ ಆಗಲೇ ಹೇಳಿಯಾಗಿತ್ತು, "ಕೆಲ್ಸ ಖಾಯಂ ಆಗ್ಲಿಲ್ಲ ಅಂದ್ರೆ ನಿಮ್ಮ ಮಾವನ್ಗೇ ಕೊಟ್ಬಿಡ್ತೀನಿ, ಗಂಗಾ." ಮಾವ ಒಳ್ಳೆಯವನೇ. ಆದರೆ ನನಗಿಂತ ಹದಿನಾರು ವರ್ಷ ದೊಡ್ಡವನು, ನನ್ನನ್ನು ಎತ್ತಿ ಆಡಿಸಿದವನು. ಛೀ, ನನಗೆ ಸುತರಾಂ ಇಷ್ಟವಿರಲಿಲ್ಲ.

ಆದರೆ ನನ್ನ ತಂತಿ ಪಟಪಟನೆ ಹರಿಯುತ್ತಿತ್ತು. ದಿನಕ್ಕೆ ಹತ್ತು, ಹನ್ನೆರಡು. ಒಂದು ದಿನ ರೀಲನ್ನೇ ಎತ್ತಿ ಬಿಸಾಕಿದೆ. ಪಕ್ಕದ ಮೆಷಿನ್ನಿನ ಕಾಶವ್ವಕ್ಕ ಅದನ್ನು ಎತ್ತಿಕೊಟ್ಟು ಕೇಳಿದರು, "ಸುತ್ತೂವಾಗ ಮನಸಿನ್ಯಾಗ ಯಾವ ಹಾಡ ಹಾಡ್ತಿ?"

ನಾಚಿಕೆಯಾಯಿತು. "ಬಸ್ಸಲ್ಲಿ ಗೆದ್ದಿದ್ದು."

"ಮತ್ತ! ಆ ಹಾಡು ಓಡತೈತಿ, ಅದರ ಹಿಂದ ನಿನ್ನ ಕೈನೂ ಓಡತೈತಿ. ತಂತಿ ಹರೀದ ಏನ್ ಮಾಡೀತು?"

ಅಂದಿನಿಂದ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರ ರೊಟ್ಟಿ ತಿನ್ನುತ್ತಾ ಆ ನಿದ್ದೆ ಮಾತ್ರೆಯನ್ನೇ ಕಲಿತೆ. ಬೀಗವಿಲ್ಲದ ಬಾಯಿ ನೋಡಿ, ಮಾವನ ಮದುವೆ ವಿಷಯವನ್ನೂ ಅವರಿಗೆ ಹೇಳಿಬಿಟ್ಟೆ. ಎಲ್ಲೂ ಏರುವುದಿಲ್ಲ, ಇಳಿಯುವುದಿಲ್ಲ, ಒಂದೇ ಸಮನೆ ಹೋಗುವ ಹಾಡು. ಅದರ ಜೊತೆ ತಿರುಗಿಸಿದರೆ ಕೈಯೂ ಒಂದೇ ಸಮ. ಮೂರು ವಾರದಲ್ಲಿ ಹನ್ನೆರಡು ಮೂರಕ್ಕೆ ಇಳಿಯಿತು. ಅಷ್ಟು ನಕ್ಕಿದ್ದೆನಲ್ಲ, ಒಂದು ದಿನವಾದರೂ ಅವರು ಆ ಮಾತು ಎತ್ತಲಿಲ್ಲ.

ಪರೀಕ್ಷೆಯ ದಿನ ಹಾಡೇ ಮರೆತುಹೋಯಿತು! ಸೂಪರ್‌ವೈಸರ್ ಮುನಿವೆಂಕಟಯ್ಯನವರು ಎದುರಿಗೆ ನಿಂತಿದ್ದೇ ತಡ, ಮೊದಲ ಪದವೂ ನೆನಪಾಗಲಿಲ್ಲ. ಎರಡನೆಯ ಕಾಯಿಲ್ಲಿಗೇ ತಂತಿ ಹರಿಯಿತು.

ಆಗ ಪಕ್ಕದಿಂದ ಕಾಶವ್ವಕ್ಕ ಬಾಯಿಬಿಟ್ಟು ಹಾಡತೊಡಗಿದರು. ಕೆಲಸದ ಹೊತ್ತಲ್ಲಿ ಫ್ಯಾಕ್ಟರಿಯೊಳಗೆ ಯಾರೂ ಹಾಗೆ ಹಾಡುತ್ತಿರಲಿಲ್ಲ.

"ಏನ್ರೀ ಕಾಶವ್ವ ಇದು? ನಿಲ್ಸಿ!" ಎಂದರು ಮುನಿವೆಂಕಟಯ್ಯ.

"ನನ್ನ ಹೆಸರ ಬರಕೋರಿ ಸರ," ಎಂದು ಅಕ್ಕ ಮುಂದಿನ ಸಾಲಿಗೆ ಹೋದರು. ಹಾಡಿದರು, ಮುಗಿದರೆ ಮತ್ತೆ ಮೊದಲಿಂದ ಹಾಡಿದರು. ಸಂಜೆ ನಾಲ್ಕಕ್ಕೆ ಅವರ ಗಂಟಲು ಕಟ್ಟಿಹೋಗಿತ್ತು. ನಾನು ಅವರ ಕಡೆ ತಿರುಗಿಯೂ ನೋಡದೆ ಸುತ್ತುತ್ತಲೇ ಇದ್ದೆ.

ಲೆಕ್ಕ ಹಾಕಿದರು. ನನ್ನದು ಕೆಟ್ಟದ್ದು ಒಂದೇ. ಖಾಯಂ ಆಯಿತು ಎಂದಾಗ ಕುಣಿದುಬಿಟ್ಟೆ. ಆಮೇಲೆ ಅವರ ಟ್ರೇ ನೋಡಿದೆ. ದಿನವಿಡೀ ಕಣ್ಣು ನನ್ನ ಕೈಯ ಮೇಲೆ ಇಟ್ಟು ಹಾಡಿದ್ದರೆಂದು ಆಗ ಗೊತ್ತಾಯಿತು. ಕೆಟ್ಟದ್ದು ಏಳು. ಮುನಿವೆಂಕಟಯ್ಯ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದರು.

"ಅಕ್ಕಾ, ನನ್ನಿಂದ ಹಿಂಗಾಯ್ತಲ್ಲ..."

"ಇರಲಿ ಬಿಡ, ಹುಚ್ಚಿ," ಎಂದರು, ಕಟ್ಟಿದ ಗಂಟಲಲ್ಲೇ. "ನನಗ ಈಗ ಯಾರು ಮದುವಿ ಮಾಡಾಕ ನಿಂತಾರ?"

ಅವರು ನಗುತ್ತಿದ್ದರು. ನಾನು ಅವರ ಎರಡೂ ಕೈ ಹಿಡಿದುಕೊಂಡು, ಎಲ್ಲರ ಮುಂದೆ, ಗೋಳೋ ಎಂದು ಅತ್ತೆ.