ಕೈ ಮುಗಿಸಿಕೊಂಡ ಮಿಠಾಯಿ

ನೆನೆದ ಅವರೆಕಾಳು ಹಿತುಕುತ್ತಾ ಹಜಾರದಲ್ಲಿ ಕೂತಿದ್ದೆ. ಮಧ್ಯಾಹ್ನದ ಬಿಸಿಲು ತೆಂಗಿನ ಗರಿಗಳಲ್ಲಿ ಸೋಸಿ ಬಂದು ಬೇಸಿನ್ನಿನ ನೀರಿನಲ್ಲಿ ಅಲ್ಲಾಡುತ್ತಿತ್ತು. ಕಣ್ಣು ತಾನಾಗಿ ತೂಗುವ ಹೊತ್ತು. ಆಗ ಕಿಬ್ಬನಹಳ್ಳಿಯ ಅಂಗಡಿಯವನ ಫೋನು ಬಂತು.

“ಅಕ್ಕಾ, ನಿಮ್ಮ ಜೆಲ್ಲಿ ಮಿಠಾಯಿ ಯಾರೂ ತಿಂತಿಲ್ಲ ಕಣಕ್ಕ. ಜನಕ್ಕೆ ಕಾಣ್ಲಿ ಅಂತ ತಟ್ಟೇಲಿ ಸಾಲಾಗಿ ನಿಲ್ಸಿದ್ದೆ. ಎಲ್ಲಾ ಕೈ ಮುಗ್ದು ಹೋಗ್ತಾವ್ರೆ. ಒಬ್ಬಜ್ಜಿ ಹೂವ ಬೇರೆ ಇಟ್ಟೋಯ್ತು!”

ಮಿಠಾಯಿ ನನ್ನ ವಾರಗಿತ್ತಿಯದು, ಮೈದುನನ ಹೆಂಡತಿಯದು. ಪೇಟೆಯ ಗಮ್ಮಿ ಎಂಬ ಜೆಲ್ಲಿ ಮಿಠಾಯಿಗಳಲ್ಲಿ ಮೂಳೆಯಿಂದ ತೆಗೆದ ಜೆಲಾಟಿನ್ ಇರುವುದುಂಟೆಂದು ತಿಳಿದ ದಿನ ಅತ್ತೆ, ಅದು ಹೊಸಿಲು ದಾಟಕೂಡದು ಎಂದರು. ಮಕ್ಕಳು ಅತ್ತವು. ಅವತ್ತಿನಿಂದ ಅವಳು ನನ್ನ ಒಲೆಯ ಪಕ್ಕದಲ್ಲೇ ತೆಂಗಿನಹಾಲು, ಬೆಲ್ಲ ಕುದಿಸತೊಡಗಿದಳು. ಮೊದಲು ಕಡಲಪಾಚಿಯ ಪುಡಿ ಹಾಕಿದಳು, ಕಚ್ಚಿದರೆ ಪುಡಿಪುಡಿ. ಆಮೇಲೆ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್. ಅದು ಹಿಡಿಯಿತು. ಆ ದಿನಗಳಲ್ಲಿ ಅಡುಗೆಮನೆ ಹಬೆಯಲ್ಲಿ ತೇಲುತ್ತಿತ್ತು, ದೇವರ ಮನೆಯ ವಿಭೂತಿಗೂ ಬೆಲ್ಲದ ಘಮ. ಹಿತ್ತಲಲ್ಲಿ ಶೆಡ್ಡು ಎದ್ದಿತು, ಲೈಸೆನ್ಸು ಬಂತು, ಕಂಪನಿ ಅನ್ನಿಸಿಕೊಂಡಿತು. ಮಾರಾಟ ಮಾತ್ರ ಕುಂಟುತ್ತಿತ್ತು. ನಮ್ಮ ಸೀಮೆಯ ಗುರುತಿರಲೆಂದು ತೆಂಗಿನಕಾಯಿ ಆಕಾರದ ಹೊಸ ಅಚ್ಚು ಮಾಡಿಸಿದ್ದಳು.

“ಇದೂ ಹೋಗ್ಲಿಲ್ಲಾಂದ್ರೆ ಒಲೆ ಆರಿಸ್ಬುಡ್ತೀನಿ ಅಕ್ಕ,” ಎಂದಿದ್ದಳು.

ಅವಳನ್ನೂ ಅತ್ತೆಯನ್ನೂ ಕರೆದು, ಒಂದನ್ನು ತಟ್ಟೆಯಲ್ಲಿ ನಿಲ್ಲಿಸಿ ನೋಡಿದೆವು. ಉರುಳದಿರಲೆಂದು ಕೆಳಗೊಂದು ಚಪ್ಪಟೆ ಪೀಠ, ಮೇಲೆ ಕಪ್ಪುಬೆಲ್ಲದ ಬಣ್ಣದ ನುಣ್ಣನೆಯ ದುಂಡು, ಮೂರು ಕಣ್ಣು. ಬಿಸಿಲು ಅದರೊಳಗೆ ಹೊಕ್ಕು ದೀಪದಂತೆ ನಿಂತಿತು. ನನ್ನ ಕೈಗಳು ತಾವೇ ಕೂಡಿಕೊಂಡವು.

“ಅಯ್ಯೋ ಶಿವನೇ! ಲಿಂಗ ಮಾಡಿ ಮಾರ್ತಿದೀಯಲ್ಲೇ!” ಅತ್ತೆ ತಲೆ ಮೇಲೆ ಸೆರಗೆಳೆದುಕೊಂಡರು.

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. “ಕಾಯಿ ಅತ್ತೆ ಅದು,” ಎನ್ನುತ್ತಾ ಗೋಡೆಗೊರಗಿ ಕೂತುಬಿಟ್ಟಳು. “ಮುಗೀತು ಬುಡಿ.”

ಅತ್ತೆ ಬಹಳ ಹೊತ್ತು ಮಿಠಾಯಿಯನ್ನೇ ನೋಡಿದರು. “ಇಡೀ ಕಾಯಿ ದೇವ್ರದು ಕಣವ್ವ. ಒಡೆದ್ಮೇಲೆ ಹೋಳು ನಮ್ದು. ಗುಡಿಯಿಂದ ಬಂದ ಹೋಳನ್ನ ಯಾರಾದ್ರೂ ಬ್ಯಾಡ ಅಂತಾರಾ? ಹೋಳು ಮಾಡು.”

ಅವಳು ತಲೆಯೆತ್ತಿದಳು. “ಹೊರಗೆ ಬೆಲ್ಲ, ಒಳಗೆ ಬಿಳೀ ಹಾಲು,” ಎಂದಳು, ನಿದ್ದೆಯಲ್ಲಿ ಮಾತಾಡಿದ ಹಾಗೆ.

ಆ ಹೋಳುಗಳು ಈಗ ತಿಪಟೂರು, ತುರುವೇಕೆರೆ ದಾಟಿ ಹೋಗುತ್ತವೆ. ಶೆಡ್ಡಿನಲ್ಲಿ ಅಕ್ಕಪಕ್ಕದ ಹೆಂಗಸರೂ ದುಡಿಯುತ್ತಾರೆ. ಅವತ್ತು ಇದೇನೂ ಗೊತ್ತಿರಲಿಲ್ಲ. ಅವಳು ಎದ್ದು ಮುಖ ತೊಳೆದಳಲ್ಲ, ಅಷ್ಟೇ ಶಿವನ ಕೃಪೆ ಅಂದುಕೊಂಡೆ. ಮನೆಯಲ್ಲಿ ಉಳಿದಿದ್ದ ಇಡೀ ಕಾಯಿ ಮಿಠಾಯಿಗಳನ್ನು ಕಚ್ಚಲೂ ಆಗದು, ಎಸೆಯಲೂ ಆಗದು. ಬಿಸಿನೀರಿನಲ್ಲಿ ಕರಗಿಸಿ ತೆಂಗಿನ ಪಾತಿಗೆ ಬಿಟ್ಟೆವು. ಇರುವೆಗಳಿಗೆ ಹಬ್ಬ. ಪಾತ್ರೆಯ ತಳಕ್ಕೆ ಬೆಲ್ಲ ಕಚ್ಚಿಕೊಂಡಿತ್ತು. ನಾರು, ಬೂದಿ ತೆಗೆದುಕೊಂಡು ತಿಕ್ಕಲು ಕೂತೆ.